ಹೈದರಾಬಾದ್ ಎಂಜಿಬಿಎಸ್: ಏಳು ವರ್ಷ ಸೀಟು ಹುಡುಕಿದವನ ವಿಮರ್ಶೆ

ಬೀದರ್‌ನಲ್ಲಿ ನನ್ನದೊಂದು ಸಣ್ಣ ಮ್ಯಾಚಿಂಗ್ ಅಂಗಡಿ. ದಾರ, ಗುಂಡಿ, ಲೇಸು, ಸೀರೆ ಫಾಲ್ ಮಾರುತ್ತೇನೆ. ಮಾಲು ತರಲು ತಿಂಗಳಿಗೊಮ್ಮೆ ಹೈದರಾಬಾದಿನ ಬೇಗಂ ಬಜಾರ್‌ಗೆ ಹೋಗುತ್ತೇನೆ, ಮದುವೆ ಸೀಸನ್ ಬಂತೆಂದರೆ ಎರಡು ಸಲ. ಎಡ ಮಂಡಿ ಸರಿಯಿಲ್ಲ, ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ಹಾಗಾಗಿ ಸೀಟು ಸಿಗುತ್ತದಾ ಇಲ್ಲವಾ ಅನ್ನುವುದೇ ಈ ವಿಮರ್ಶೆಯ ತಕ್ಕಡಿ. ಕಟ್ಟಡ ಚೆನ್ನಾಗಿದೆಯಾ, ಎಸ್ಕಲೇಟರ್ ಎಷ್ಟಿವೆ ಅನ್ನುವವರು ಬೇರೆ ಕಡೆ ನೋಡಿಕೊಳ್ಳಲಿ.

ಎಂಜಿಬಿಎಸ್, ಮಹಾತ್ಮ ಗಾಂಧಿ ಬಸ್ ಸ್ಟೇಷನ್ ಎಂದರೆ ನಮ್ಮ ಕಡೆ ಹಿರಿಯರಿಗೆ ತಿಳಿಯುವುದಿಲ್ಲ. ಇಮ್ಲಿಬನ್ ಅನ್ನಬೇಕು. ಅಪ್ಪನ ಕಾಲದಲ್ಲಿ ಗೌಳಿಗುಡದ ಹಳೆಯ ಬಸ್ ಸ್ಟ್ಯಾಂಡ್‌ನಲ್ಲಿ ಇಳಿಯುತ್ತಿದ್ದರು. ದೊಡ್ಡ ಪೀಪಾಯಿ ಸೀಳಿ ಬೋರಲು ಹಾಕಿದಂಥ ತಗಡಿನ ಶೆಡ್ಡು ಅದು. 2018ರ ಜುಲೈನಲ್ಲಿ ಕುಸಿದು ಬಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಎಂಜಿಬಿಎಸ್‌ಗೆ ಮೆಟ್ರೊ ಬಂತು. ಅಲ್ಲಿಂದ ನನ್ನ ತಿಂಗಳ ಪ್ರವಾಸದ ಲೆಕ್ಕವೇ ಬದಲಾಯಿತು.

ಈಗ ನಾನು ಮಾಡುವುದು ಹೀಗೆ. ಬೆಳಗಿನ ಬಸ್ಸು ಹತ್ತಿ, ಜಹೀರಾಬಾದ್ ದಾಟಿ, ಮಿಯಾಪುರದಲ್ಲಿ ಇಳಿದುಬಿಡುತ್ತೇನೆ. ಕಂಕುಳಲ್ಲಿ ಮಡಿಚಿದ ಎರಡು ಖಾಲಿ ಚೀಲ, ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ. ಮಿಯಾಪುರ ಕೆಂಪು ಲೈನಿನ ಮೊದಲ ಸ್ಟೇಷನ್. ರೈಲು ಅಲ್ಲಿಂದಲೇ ಹೊರಡುತ್ತದೆ, ಖಾಲಿ ಇರುತ್ತದೆ. ಕೊನೆಯ ಬೋಗಿಯ ಮೂಲೆ ಸೀಟು ಹಿಡಿದು, ಚಪ್ಪಲಿಯಿಂದ ಕಾಲು ಸ್ವಲ್ಪ ಹೊರಗೆ ತೆಗೆದು ಕೂತರೆ ಆಯಿತು. ಎಂಜಿಬಿಎಸ್ ಇಪ್ಪತ್ತನೆಯ ಸ್ಟೇಷನ್. ಅಮೀರ್‌ಪೇಟೆಯಲ್ಲಿ ಅರ್ಧ ಮಂದಿ ಇಳಿದು ಅದಕ್ಕಿಂತ ಜಾಸ್ತಿ ಮಂದಿ ನುಗ್ಗುತ್ತಾರೆ. ನಾನು ಮೂಲೆಯಲ್ಲಿ ಕೂತು ತೆಲುಗು ಬೋರ್ಡು ಓದುತ್ತಿರುತ್ತೇನೆ. ನಮ್ಮ ಅಕ್ಷರಕ್ಕೆ ತಲೆಕಟ್ಟು ಬದಲಾಯಿಸಿದಂತೆ, ಅಷ್ಟೇ ಅಲ್ವಾ.

ಬೇಗಂ ಬಜಾರ್‌ಗೆ ಇನ್ನೂ ಮೊದಲೇ ಇಳಿಯಬಹುದು ಎಂದು ಎಲ್ಲರೂ ಹೇಳುತ್ತಾರೆ. ನನಗೂ ಗೊತ್ತು. ಆದರೂ ಎಂಜಿಬಿಎಸ್‌ಗೇ ಹೋಗುತ್ತೇನೆ. ರಸ್ತೆಗೆ ಇಳಿಯದೆ ಮೇಲಿಂದಲೇ ಬಸ್ ಸ್ಟ್ಯಾಂಡ್‌ಗೆ ದಾರಿ ಇದೆ. ಮೊದಲು ಬೀದರ್ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಬೇಕು, ಆಮೇಲೆ ಒಂದು ಚಹಾ, ಆಮೇಲೆ ವ್ಯಾಪಾರ. ವಾಪಸ್ ಹೋಗುವ ದಾರಿ ಗೊತ್ತಿಲ್ಲದೆ ದುಡ್ಡು ಬಿಚ್ಚಬಾರದು ಅಂತ ಅಪ್ಪನಿಂದ ಬಂದ ಚಟ.

ಹಸಿರು ಲೈನು ಕೂಡ ಇಲ್ಲೇ ಸೇರುತ್ತದೆ, 2020ರ ಫೆಬ್ರವರಿಯಿಂದ. ಜುಬಿಲಿ ಬಸ್ ಸ್ಟೇಷನ್ ಕಡೆ ಹೋಗುವವರಿಗೆ ಅದು ಅನುಕೂಲ. ಎಂಎಂಟಿಎಸ್ ಲೋಕಲ್ ರೈಲು ಮಾತ್ರ ಇಲ್ಲಿಗೆ ಬರುವುದಿಲ್ಲ. ಅದು ಬೇಕೆಂದರೆ ಖೈರತಾಬಾದ್‌ನಲ್ಲೋ ಲಕ್ಡಿಕಾಪೂಲ್‌ನಲ್ಲೋ ಇಳಿದು ಹಿಡಿಯಬೇಕು. ನನಗೆ ಬೇಕಾಗಿದ್ದು ಎರಡೇ ಸಲ.

ಇನ್ನು ತಕರಾರು. ಹೋಗುವಾಗಿನ ಸುಖ ಬರುವಾಗ ಇಲ್ಲ.

ಎಂಜಿಬಿಎಸ್ ಲೈನಿನ ನಡುವೆ ಇದೆ. ಸಂಜೆ ರೈಲು ತುಂಬಿಕೊಂಡೇ ಬರುತ್ತದೆ. ಗಂಟನ್ನು ಎಕ್ಸ್‌ರೇ ಯಂತ್ರದೊಳಗೆ ತೂರುವ ಅಳತೆಗೆ ಕಟ್ಟಬೇಕು. ಅದಕ್ಕೆ ನನ್ನ ಹತ್ತಿರ ಒಂದು ಲೇಸಿನ ತುಂಡೇ ಇದೆ, ಎರಡು ಕಡೆ ಗಂಟು ಹಾಕಿದ್ದು. ಅಂಗಡಿಯವ ಮಾಲು ಕಟ್ಟುವಾಗ ಅದನ್ನು ಸುತ್ತಿ ನೋಡುತ್ತೇನೆ. ಅವನು ನಗುತ್ತಾನೆ. ಇಷ್ಟೆಲ್ಲ ಮಾಡಿ ಒಮ್ಮೆ ಮೆಟ್ರೊದಲ್ಲಿ ಮಿಯಾಪುರದವರೆಗೆ ನಿಂತುಕೊಂಡೇ ಹೋದೆ. ಅಲ್ಲಿ ಬಂದ ಬಸ್ಸೂ ತುಂಬಿತ್ತು. ಟವೆಲ್ ಎಸೆಯಲು ಒಂದು ಸೀಟಾದರೂ ಖಾಲಿ ಇರಬೇಕಲ್ಲ. ಗಂಟನ್ನು ಕಾಲ ನಡುವೆ ಇಟ್ಟುಕೊಂಡು ಜಹೀರಾಬಾದ್‌ವರೆಗೆ ನಿಂತೆ. ಮಂಡಿ ನಾಲ್ಕು ದಿನ ಮಾತಾಡಿಸಿತು. ಮರುದಿನ ಅಂಗಡಿ ಶಟರ್ ಎತ್ತಿದ್ದು ಹೆಂಡತಿ.

ಅಂದಿನಿಂದ ಬರುವಾಗ ಎಂಜಿಬಿಎಸ್‌ನಲ್ಲೇ ಬಸ್ಸು ಹತ್ತುತ್ತೇನೆ. ಅಲ್ಲಿಂದಲೇ ಹೊರಡುವುದರಿಂದ ಸೀಟು ಖಾತ್ರಿ. ಆದರೆ ಬಸ್ಸು ಊರು ಬಿಡುವಷ್ಟರಲ್ಲಿ ಪ್ರಾಣ ಹೋಗುತ್ತದೆ.

ದುಡ್ಡಿನ ಮಾತು. 2025ರ ಮೇನಲ್ಲಿ ಮೆಟ್ರೊ ದರ ಏರಿತು. ಮೊದಲು ಹತ್ತರಿಂದ ಅರವತ್ತು ರೂಪಾಯಿ ಇತ್ತು. ಗರಿಷ್ಠ 75 ಮಾಡಿದರು, ಜನ ಗದ್ದಲ ಮಾಡಿದ ಮೇಲೆ 69ಕ್ಕೆ ಇಳಿಸಿದರು. ಹೆಂಡತಿ ಜೊತೆಗೆ ಬಂದರಂತೂ ಇನ್ನೂ ಮಜಾ. ನಮ್ಮ ಶಕ್ತಿ ಯೋಜನೆ ಅಂತರರಾಜ್ಯ ಬಸ್ಸಿಗೆ ಇಲ್ಲ. ತೆಲಂಗಾಣದ ಮಹಾಲಕ್ಷ್ಮಿ ಯೋಜನೆ ಅಲ್ಲಿನ ಹೆಂಗಸರಿಗೆ ಮಾತ್ರ. ಒಮ್ಮೆ ಚಾರ್ಮಿನಾರ್‌ಗೆಂದು ಸಿಟಿ ಬಸ್ ಹತ್ತಿದಾಗ ಕಂಡಕ್ಟರಮ್ಮ ಆಧಾರ್ ಕಾರ್ಡು ತಿರುಗಿಸಿ ನೋಡಿ, "ಬೀದರ್?" ಎಂದು ನಕ್ಕು ಟಿಕೆಟ್ ಹರಿದುಕೊಟ್ಟರು. ಅತ್ತ ಶಕ್ತಿಯೂ ಇಲ್ಲ, ಇತ್ತ ಲಕ್ಷ್ಮಿಯೂ ಇಲ್ಲ ಎಂದು ಇವಳು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಮಳೆಗಾಲದಲ್ಲಿ ಹೋಗುವವರಿಗೆ ಒಂದು ಮಾತು. ಈ ಬಸ್ ಸ್ಟ್ಯಾಂಡ್ ಇರುವುದು ಮೂಸಿ ನದಿಯ ಮಡಿಲಲ್ಲೇ. ಮೇಲಿನ ಜಲಾಶಯಗಳ ಗೇಟು ತೆರೆದು 2025ರ ಸೆಪ್ಟೆಂಬರ್ ಕೊನೆಗೆ ನೀರು ಒಳಗೇ ನುಗ್ಗಿ ಬಸ್ಸು ಬಂದ್ ಆಗಿದ್ದವು. ಹೊರಡುವ ಮೊದಲು ಸುದ್ದಿ ನೋಡಿಕೊಳ್ಳಿ.

ನಕ್ಷತ್ರ ಕೊಡಬೇಕೆಂದರೆ ಹೋಗುವಾಗ ಐದಕ್ಕೆ ಐದು, ಬರುವಾಗ ಎರಡೂವರೆ. ಮಂಡಿ ಗಟ್ಟಿ ಇದ್ದು, ಕೈಯಲ್ಲಿ ಒಂದೇ ಬ್ಯಾಗು ಇರುವವರು ನನ್ನ ಎರಡೂವರೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎರಡೂ ಕಡೆ ಮೆಟ್ರೊದಲ್ಲೇ ಹೋಗಿಬನ್ನಿ, ಒಂದು ಗಂಟೆಯಾದರೂ ಉಳಿಯುತ್ತದೆ.

ನಾನು ಮೊನ್ನೆಯೂ ಎಂಜಿಬಿಎಸ್‌ನಲ್ಲೇ ಬಸ್ಸು ಹತ್ತಿದೆ. ಕಿಟಕಿ ಪಕ್ಕ ನಾನು, ಕಾಲ ಬಳಿ ಗಂಟು. ಕುಕಟ್‌ಪಲ್ಲಿಯಲ್ಲಿ ಟ್ರಾಫಿಕ್ ಅಲ್ಲಾಡಲಿಲ್ಲ. ತಲೆಯ ಮೇಲೆ ಕಂಬದ ಮೇಲಿಂದ ಮೆಟ್ರೊ ಒಂದಾದ ಮೇಲೊಂದು ಮಿಯಾಪುರದ ಕಡೆ ಹೋಗುತ್ತಿತ್ತು. ಬೇರೆ ಕೆಲಸವಿಲ್ಲದೆ ಎಣಿಸಿದೆ. ನಾಲ್ಕು ಹೋದವು. ಕೂತೇ ಎಣಿಸಿದೆ.