ಗಾಡಿಗೆ ಸಲಾಯಿನ್: ಬೈಕ್ ಬ್ಯಾಟರಿ ಚಾರ್ಜರ್ ತಗೊಂಡು ಎರಡೂವರೆ ವರ್ಷ ಆಯ್ತು

ಮನೆ ವಿಜಯಪುರದಲ್ಲಿ, ಕೆಲಸ ಸೋಲಾಪುರದಲ್ಲಿ. ಹದಿನೈದು ದಿನಕ್ಕೊಮ್ಮೆ ರೈಲು ಹತ್ತಿ ಊರಿಗೆ ಬರುತ್ತೇನೆ, ಎರಡು ದಿನ ಇದ್ದು ಹೋಗುತ್ತೇನೆ. ಉಳಿದ ದಿನ ನನ್ನ ಗಾಡಿ ಮನೆ ಮುಂದಿನ ಪತ್ರಾಸಿನ ಶೆಡ್ಡಿನಲ್ಲಿ ಸುಮ್ನೆ ನಿಂತಿರುತ್ತದೆ. ಕಿಕ್ ಇಲ್ಲದ ಬಿಎಸ್6 ಗಾಡಿ, 12 ವೋಲ್ಟ್ 8 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಆಂಪಿಯರ್ ಕರೆಂಟ್ ಎಷ್ಟು ತಾಸು ಕೊಡುತ್ತದೆ ಅನ್ನುವ ಲೆಕ್ಕ) ಬ್ಯಾಟರಿ, ನೀರು ಹಾಕುವ ಗೋಜಿಲ್ಲದ ಸೀಲ್ ಆದದ್ದು.

ಎರಡೂವರೆ ವರ್ಷದ ಹಿಂದೆ ಸಿದ್ಧೇಶ್ವರ ಜಾತ್ರೆಗೆ ಬಂದಿದ್ದೆ. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಟಕ್ ಟಕ್ ಟಕ್. ಅಷ್ಟೇ. ಓಣಿಯ ಮೂವರು ಹುಡುಗರನ್ನು ಕರೆದು ದಬ್ಬಿಸಿದೆ, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ, ಮತ್ತೆ ದಬ್ಬಿಸಿದೆ, ಜನವರಿ ಚಳಿಯಲ್ಲೂ ಹುಡುಗರು ಬೆವೆತರು, ಗಾಡಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹಳೇ ಕಾರ್ಬ್ಯುರೇಟರ್ ಗಾಡಿಗೆ ನಡೆಯುತ್ತಿದ್ದ ಈ ಆಟ ನನ್ನದರಂಥ ಇಂಜೆಕ್ಷನ್ ಗಾಡಿಗೆ ನಡೆಯುವುದಿಲ್ಲ. ಟ್ಯಾಂಕಿನೊಳಗೆ ಪೆಟ್ರೋಲ್ ತಳ್ಳುವ ಪಂಪಿಗೂ, ಇಂಜೆಕ್ಷನ್ ನಡೆಸುವ ಸಣ್ಣ ಕಂಪ್ಯೂಟರ್ ಇಸಿಯುಗೂ ಕರೆಂಟ್ ಬೇಕೇ ಬೇಕು. ಕೀ ತಿರುಗಿಸಿದಾಗ ಟ್ಯಾಂಕಿನೊಳಗೆ ಜುಂಯ್ ಅನ್ನುವ ಸದ್ದು ಬರಲಿಲ್ಲ ಅಂದರೆ ಹುಡುಗರಿಗೆ ಚಹಾ ಕುಡಿಸಿ ಕಳಿಸಿಬಿಡಿ.

ಅಂಗಡಿಯಲ್ಲಿ ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಅಂದರು. ಚಾರ್ಜ್ ಮಾಡಿ ಕೊಡಿ ಅನ್ನಲು ನನಗೆ ಧೈರ್ಯ ಇರಲಿಲ್ಲ. ಹಿಂದಿನ ಗಾಡಿಯ ಬ್ಯಾಟರಿಯನ್ನು ಒಂದು ಕಡೆ ಕಾರಿನ ದೊಡ್ಡ ಚಾರ್ಜರಿಗೆ ಹಚ್ಚಿಟ್ಟು ಮರೆತಿದ್ದರು, ಸಂಜೆ ಹೋಗಿ ನೋಡಿದರೆ ಡಬ್ಬಿ ಎರಡೂ ಬದಿ ಪೂರಿಯ ಹಾಗೆ ಉಬ್ಬಿತ್ತು. ಸಣ್ಣ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಪಾಲು ಕರೆಂಟ್ ಕೊಡಬೇಕು ಅನ್ನುವುದು ಹಳೇ ಲೆಕ್ಕ. 8 ಎಎಚ್‌ಗೆ 0.8 ಆಂಪಿಯರ್, ಒಂದು ಆಂಪಿಯರ್ ತನಕ ಅಡ್ಡಿಯಿಲ್ಲ. ಅದಕ್ಕೇ ಆನ್‌ಲೈನ್‌ನಲ್ಲಿ 1,450 ರೂಪಾಯಿಗೆ ಒಂದು ಆಂಪಿಯರ್‌ನ ಆಟೊಮ್ಯಾಟಿಕ್ ಚಾರ್ಜರ್ ತರಿಸಿದೆ. ಜೊತೆಗೆ 350ಕ್ಕೆ ವೋಲ್ಟ್, ಕರೆಂಟ್ ಅಳೆಯುವ ಒಂದು ಮಲ್ಟಿಮೀಟರ್. ಈಗ ಅನಿಸುತ್ತದೆ, ಮೊದಲು ಮೀಟರ್ ತಗೊಂಡಿದ್ದರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತಿತ್ತು. ಅದರ ಕಥೆ ಮುಂದೆ ಹೇಳುತ್ತೇನೆ.

ಎರಡೂ ಬಂದ ಮೇಲೆ ಮೀಟರ್ ಹಿಡಿದು ನೋಡಿದರೆ ಬ್ಯಾಟರಿ ತೋರಿಸಿದ್ದು 11.6 ವೋಲ್ಟ್. ತುಂಬಿದ ಬ್ಯಾಟರಿ ಕೆಲವು ತಾಸು ಸುಮ್ನೆ ಬಿಟ್ಟ ಮೇಲೂ 12.6ರಿಂದ 12.8 ತೋರಿಸಬೇಕು, 12.4ಕ್ಕೆ ಇಳಿದರೆ ಸುಮಾರು ಮುಕ್ಕಾಲು, 12ರ ಹತ್ತಿರ ಬಂದರೆ ಕಾಲು ಭಾಗ ಉಳಿದಿದೆ ಅಂತ. 11.6 ಅಂದರೆ ಖಾಲಿ. ಪಡಸಾಲೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ಕೆಂಪು ಕ್ಲಿಪ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ ಹಚ್ಚಿ, ಆಮೇಲೆ ಸ್ವಿಚ್ ಹಾಕಿದೆ. ಕೆಂಪು ದೀಪ ಬಂತು. ಪಕ್ಕದ ಮನೆ ಕಾಕಾ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. "ಏನೋ ತಮ್ಮಾ, ಗಾಡಿಗಿ ಸಲಾಯಿನ್ ಹಚ್ಚೀಯೇನ?" ಅಂದರು. ಅಂದಿನಿಂದ ನಮ್ಮನೆಯಲ್ಲಿ ಚಾರ್ಜರಿಗೆ ಸಲಾಯಿನ್ ಅಂತಲೇ ಹೆಸರು. ರಾತ್ರಿಯೆಲ್ಲ ಹಚ್ಚಿಟ್ಟಿದ್ದೆ, ಬೆಳಿಗ್ಗೆ ಹಸಿರು ದೀಪ. ಕ್ಲಿಪ್ ತೆಗೆದು ನಾಲ್ಕು ತಾಸು ಬಿಟ್ಟು ನೋಡಿದೆ, 12.7. ಹೋಗಿದೆ ಅಂತ ಅಂಗಡಿಯವರು ಹೇಳಿದ್ದ ಬ್ಯಾಟರಿ ಅದಾದ ಮೇಲೆ ಎರಡು ವರ್ಷ ನಡೆಯಿತು.

ಈ ಚಾರ್ಜರಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಜೊತೆ ಬಂದ ಒಂದು ಮೋಟು ವೈರು. ಒಂದು ತುದಿಯಲ್ಲಿ ಉಂಗುರ ಇದೆ, ಅದನ್ನು ಬ್ಯಾಟರಿಯ ಬೋಲ್ಟಿಗೇ ಕಾಯಂ ಕೂರಿಸಬಹುದು, ನಡುವೆ ಫ್ಯೂಸ್ ಇದೆ, ಇನ್ನೊಂದು ತುದಿ ಸೀಟಿನ ಸಂದಿಯಿಂದ ಹೊರಗೆ ಇಣುಕುತ್ತದೆ. ಊರಿಗೆ ಬಂದ ರಾತ್ರಿ ಸೀಟು ಬಿಚ್ಚದೆ, ಮೊಬೈಲ್ ಚಾರ್ಜಿಗೆ ಇಟ್ಟಷ್ಟೇ ಸಲೀಸಾಗಿ ಹಚ್ಚಿ ಮಲಗುತ್ತೇನೆ. ಕರೆಂಟ್ ಹೋಗಿ ಬಂದರೂ ತಾನೇ ಮತ್ತೆ ಶುರುವಾಗುತ್ತದೆ. ಮೊದಲು 14.4 ವೋಲ್ಟ್ ತನಕ ಏರಿಸಿ ತುಂಬುತ್ತದೆ, ತುಂಬಿದ ಮೇಲೆ 13.6ಕ್ಕೆ ಇಳಿದು ಕಾಯುತ್ತಾ ಕೂರುತ್ತದೆ. ಮೀಟರ್ ಹಿಡಿದು ನೋಡಿದ್ದೇನೆ, ಡಬ್ಬಿಯ ಮೇಲೆ ಬರೆದ ಹಾಗೇ ನಡೆಯುತ್ತದೆ.

ಕೆಟ್ಟದ್ದು ಕ್ಲಿಪ್ಪು. ಮೊದಲ ಮಳೆಗಾಲಕ್ಕೇ ಸ್ಪ್ರಿಂಗು ತುಕ್ಕು ಹಿಡಿದು ಮುರಿಯಿತು. ಮಾರಿದವರಿಗೆ ಫೋಟೊ ಸಮೇತ ಬರೆದೆ, ಕ್ಲಿಪ್ಪಿಗೆ ವಾರಂಟಿ ಇಲ್ಲವಂತೆ. 40 ರೂಪಾಯಿಗೆ ಇಲ್ಲೇ ದಪ್ಪನೆಯ ಜೋಡಿ ಸಿಕ್ಕಿತು, ಸಾಲ್ಡರ್ ಮಾಡಿಕೊಂಡೆ.

ಈಗ ಮೀಟರಿನ ಕಥೆ. ಚಾರ್ಜರ್ ಬಂದ ಮೇಲೂ ಹದಿನೈದು ದಿನ ಬಿಟ್ಟು ಬಂದರೆ ಬ್ಯಾಟರಿ ಮತ್ತೆ ಮಲಗಿರುತ್ತಿತ್ತು. ಪ್ರತಿ ಸಲ ಸಲಾಯಿನ್. ಒಂದಿನ ತಲೆಕೆಟ್ಟು ಮೈನಸ್ ವೈರ್ ಬಿಚ್ಚಿ, ವೈರಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಆಂಪಿಯರಿನಲ್ಲಿಟ್ಟು ಹಿಡಿದೆ. (ಹೀಗೆ ಹಿಡಿದಾಗ ಕೀ ತಿರುಗಿಸಬಾರದು, ಸೆಲ್ಫ್ ಅಂತೂ ಒತ್ತಲೇಬಾರದು, ಮೀಟರಿನ ಫ್ಯೂಸ್ ಹಾರುತ್ತದೆ.) ಕೀ ಆಫ್ ಇದ್ದಾಗಲೂ 20 ಮಿಲಿ ಆಂಪಿಯರ್ ಹರಿಯುತ್ತಿತ್ತು. ಅಷ್ಟೇನಾ ಅನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. 15 ದಿನಕ್ಕೆ 360 ತಾಸು. 7.2 ಎಎಚ್. ಬ್ಯಾಟರಿ ಇರುವುದೇ 8! ಕಳ್ಳ ಯಾರು ಅಂದರೆ ಹ್ಯಾಂಡಲಿಗೆ ನಾನೇ ಹಾಕಿಸಿದ್ದ ಯುಎಸ್‌ಬಿ ಸಾಕೆಟ್, ಅದರ ನೀಲಿ ದೀಪ ಹಗಲು ರಾತ್ರಿ ಉರಿಯುತ್ತಿತ್ತು, ನೋಡುತ್ತಲೇ ಇದ್ದೆ, ಚಂದ ಇದೆ ಅಂದುಕೊಂಡಿದ್ದೆ. ವೈರನ್ನು ನೇರ ಬ್ಯಾಟರಿಯಿಂದ ತೆಗೆದು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಕಡೆ ಕೊಡಿಸಿದೆ. ಅಂದಿನಿಂದ ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೂ ಸಾಕಾಗುತ್ತದೆ.

ಹಾಗಾದರೆ ಈ ಚಾರ್ಜರ್ ಸತ್ತ ಬ್ಯಾಟರಿಯನ್ನು ಎಬ್ಬಿಸುತ್ತದಾ? ಇಲ್ಲ. ಬಾಗಲಕೋಟೆಯಿಂದ ಅಕ್ಕನ ಮಗ ತನ್ನ ಸ್ಕೂಟರಿನ ಬ್ಯಾಟರಿ ತಂದಿದ್ದ, ಐದು ತಿಂಗಳು ಮುಟ್ಟಿರಲಿಲ್ಲ, 3 ವೋಲ್ಟ್ ಇತ್ತು. ಅಷ್ಟು ಇಳಿದರೆ ಚಾರ್ಜರಿಗೆ ಅಲ್ಲಿ ಬ್ಯಾಟರಿ ಇದೆ ಅಂತಲೇ ಗೊತ್ತಾಗುವುದಿಲ್ಲ, ದೀಪ ಮಿಣುಕುತ್ತಲೇ ಇರುತ್ತದೆ. "ಮಾಮಾ, ಏನರೆ ಮಾಡ್ರಿ" ಅಂತ ಹಟ ಹಿಡಿದ. ನನ್ನ ಬ್ಯಾಟರಿಯನ್ನು ಬಿಚ್ಚಿ ತಂದು ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಜೋಡಿಸಿ ಹತ್ತು ನಿಮಿಷ ಇಟ್ಟೆ, ಆಗ ಚಾರ್ಜರ್ ಒಪ್ಪಿಕೊಂಡಿತು. ನನ್ನದನ್ನು ತೆಗೆದು ಅವನದನ್ನು ಮಾತ್ರ ಬಿಟ್ಟೆ. ಮೂರು ತಾಸಿನ ಮೇಲೆ ಕೈ ಇಟ್ಟು ನೋಡಿದರೆ ಡಬ್ಬಿ ಬಿಸಿ. ಕೂಡಲೇ ಸ್ವಿಚ್ ಆರಿಸಿದೆ. ಬೆಳಿಗ್ಗೆ 10.5 ವೋಲ್ಟ್. ಒಳಗೆ ಆರು ಸೆಲ್, ಒಂದೊಂದಕ್ಕೆ 2.1, ಒಂದು ಸೆಲ್ ಕೈಕೊಟ್ಟರೆ ಸರಿಯಾಗಿ ಇಷ್ಟೇ ಉಳಿಯುತ್ತದೆ. ಹೊಸದು ತಗೋ ಅಂದೆ.

ನನ್ನದೇ ಬ್ಯಾಟರಿ ಮುದಿಯಾಗಿದ್ದು ಗೊತ್ತಾಗಿದ್ದು ಈ ವರ್ಷದ ಬೇಸಿಗೆಯಲ್ಲಿ. ನಮ್ಮ ಕಡೆ ಏಪ್ರಿಲ್, ಮೇ ಹೇಗಿರುತ್ತದೆ ಅಂತ ಹೇಳಬೇಕಿಲ್ಲ, ಅದರಲ್ಲೂ ಪತ್ರಾಸಿನ ಕೆಳಗೆ. ಬ್ಯಾಟರಿಯನ್ನು ಚಳಿಗಿಂತ ಬಿಸಿಲೇ ಜಾಸ್ತಿ ತಿನ್ನುತ್ತದೆ. ಒಂದೇ ತಾಸಿನಲ್ಲಿ ಹಸಿರು ದೀಪ ಬರತೊಡಗಿತು. ಬೇಗ ತುಂಬಿತು ಅಂತ ಖುಷಿ ಪಡಬೇಡಿ, ಕೊಡ ಸಣ್ಣದಾಗಿದೆ ಅಂತ ಅರ್ಥ. ಸೆಲ್ಫ್ ಒತ್ತುವಾಗ ಮೀಟರ್ ಹಿಡಿದೆ, 8.5ಕ್ಕೆ ಬಿತ್ತು. ಗಟ್ಟಿ ಬ್ಯಾಟರಿ ಆಗಲೂ 10ರ ಆಸುಪಾಸು ನಿಲ್ಲುತ್ತದೆ. ಬದಲಿಸಿದೆ.

ಜಂಪ್ ಸ್ಟಾರ್ಟ್ (ಬೇರೆ ಗಾಡಿಯ ಬ್ಯಾಟರಿಯಿಂದ ವೈರ್ ಎಳೆದು ಚಾಲೂ ಮಾಡುವುದು) ಮಾಡಿದ್ದು ಒಂದೇ ಸಲ, ಅದೂ ಬದಲಿಸುವ ಮುಂಚಿನ ವಾರ, ನಸುಕಿನ ರೈಲಿಗೆ ಹೊತ್ತಾಗಿತ್ತು. ಕಾಕಾರ ಕಾರಿನಿಂದ. ಅವರು ಕಾರ್ ಚಾಲೂ ಇಡುತ್ತೇನೆ ಅಂದರು, ಬೇಡ ಅಂದೆ. ಬೈಕಿಗೆ ಕಾರಿನ ಬ್ಯಾಟರಿಯೇ ಬೇಕಾದಷ್ಟಾಯಿತು. ಕೆಂಪು ಮೊದಲು ನನ್ನ ಪ್ಲಸ್‌ಗೆ, ಆಮೇಲೆ ಕಾರಿನ ಪ್ಲಸ್‌ಗೆ, ಕಪ್ಪು ಕಾರಿನ ಮೈನಸ್‌ಗೆ, ಕೊನೇ ತುದಿ ನನ್ನ ಬ್ಯಾಟರಿಗಲ್ಲ, ಇಂಜಿನ್ನಿನ ಬಣ್ಣ ಇಲ್ಲದ ಬೋಲ್ಟಿಗೆ. ಕೊನೇ ತುದಿಯಲ್ಲೇ ಕಿಡಿ ಹಾರುವುದು, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರಬಹುದು, ಅವೆರಡನ್ನು ದೂರ ಇಡಬೇಕು. ಇದೇ ಕಾರಣಕ್ಕೆ ಅಡುಗೆ ಮನೆಯಲ್ಲಿ ಚಾರ್ಜ್ ಮಾಡಲೂಬಾರದು. ಸ್ಟಾರ್ಟ್ ಆದ ಮೇಲೆ ಉಲ್ಟಾ ಬಿಚ್ಚುತ್ತಾ ಬನ್ನಿ.

ಬ್ಯಾಟರಿಯನ್ನೇ ಹೊರತೆಗೆಯುವುದಾದರೆ ಮೊದಲು ಮೈನಸ್ ಬಿಚ್ಚಿ, ಕೂರಿಸುವಾಗ ಮೈನಸ್ ಕೊನೆಗೆ. ನಾನು ಒಮ್ಮೆ ತಿರುವುಮುರುವು ಮಾಡಿ ಪಾನಾ ಫ್ರೇಮಿಗೆ ತಾಗಿ ಪಟ್ ಅಂತು, ಪಾನಾದ ತುದಿಯಲ್ಲಿ ಇನ್ನೂ ಆ ಕಲೆ ಇದೆ.

ಮೊನ್ನೆ ಕಾಕಾ ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತು ತಂದು "ಇದಕೂ ಹಚ್ಚು" ಅಂದರು. ಹತ್ತಿರ ಹತ್ತಿರ 80 ಎಎಚ್. ಬೇಡ ಅಂದರೂ ಕೇಳಲಿಲ್ಲ. ಮೂರು ದಿನ ಆದರೂ ದೀಪ ಕೆಂಪಗೇ ಇತ್ತು. ಅವರದು ತಿಕೋಟಾ ಕಡೆ ದ್ರಾಕ್ಷಿ ತೋಟ, ಅದಕ್ಕೇ ಅವರ ಭಾಷೆಯಲ್ಲೇ ಹೇಳಿದೆ: "ಇದು ಡ್ರಿಪ್ ಐತ್ರಿ ಕಾಕಾ, ಇದರಲೇ ಕೆರಿ ತುಂಬಾಂಗಿಲ್ಲ." ನಾಲ್ಕನೇ ದಿನ ಬಂದು ಒಯ್ದರು.