ಮಿಲಿಟರಿ ಆಮೋ ಕ್ಯಾನ್: ಕಾಡತೂಸಿಗೆ ಹೌದು, ಕೋವಿಮದ್ದಿಗೆ ಖಂಡಿತ ಬೇಡ

ನಾನು ಮಡಿಕೇರಿ ಕಡೆಯವನು, ಈಗ ಇರುವುದು ಸಿಯಾಟಲ್ ಹತ್ತಿರ. ಊರಿನಲ್ಲಿ ಜೂನ್ ಬಂದರೆ ಕೋವಿಗೆ ಎಣ್ಣೆ ಒರೆಸುವ ಕೆಲಸ ಶುರು. ಇಲ್ಲಿ ಅದೇ ತೇವ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಚಳಿಯ ಜೊತೆ ಬರುತ್ತದೆ. ರೀಲೋಡಿಂಗ್, ಅಂದರೆ ಖಾಲಿ ಹಿತ್ತಾಳೆ ಕೇಸಿಗೆ ಮದ್ದು, ಗುಂಡು ತುಂಬಿ ಮತ್ತೆ ಕಾಡತೂಸು ಮಾಡುವ ಹೆಚ್ಚಿನವರ ಬೆಂಚು ಇರುವುದು ಗ್ಯಾರೇಜಿನಲ್ಲಿ. ಅಲ್ಲಿ ಹೀಟರ್ ಇರುವುದಿಲ್ಲ. ಹಾಗಾಗಿ ಎಲ್ಲರೂ ಕೊಳ್ಳುವುದು ಒಂದೇ ವಸ್ತು: ಎಂ2ಎ1, ಅಂದರೆ .50 ಕ್ಯಾಲಿಬರ್ ಕಾಡತೂಸಿಗೆಂದು ಮಾಡಿದ, ಹಸಿರು ಉಕ್ಕಿನ ಮಿಲಿಟರಿ ಆಮೋ ಕ್ಯಾನ್ (ಕಾಡತೂಸಿನ ಡಬ್ಬಿ). ಸೇನೆಯ ಹಳೆ ಸಾಮಾನು ಮಾರುವ ಸರ್‌ಪ್ಲಸ್ ಅಂಗಡಿಗಳಲ್ಲಿ ಸುಮಾರು 20ರಿಂದ 30 ಡಾಲರ್.

ಡಬ್ಬಿ ನಿಜಕ್ಕೂ ಚೆನ್ನಾಗಿದೆ. ಮುಚ್ಚಳದ ಒಳಗೆ ಸುತ್ತಲೂ ರಬ್ಬರ್ ಗ್ಯಾಸ್ಕೆಟ್ ಇದೆ, ಕೊಂಡಿ ಒತ್ತಿದರೆ ಬಿಗಿಯಾಗಿ ಕೂರುತ್ತದೆ. ತುಂಬಿದ .308 ರೈಫಲ್ ಕಾಡತೂಸು, ತೊಳೆದು ಒಣಗಿಸಿದ ಹಿತ್ತಾಳೆ ಕೇಸುಗಳು, ಬರೀ ಗುಂಡುಗಳು, ಇವಕ್ಕೆಲ್ಲ ಒಳ್ಳೆಯ ಜಾಗ. ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗುವುದು ಡೈಗಳಿಗೆ, ಅಂದರೆ ಬಳಸಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚುಗಳಿಗೆ. ಹಿತ್ತಾಳೆ ಬರೀ ಕಪ್ಪಾಗುತ್ತದೆ, ಉಕ್ಕಿನ ಡೈ ಮಾತ್ರ ತುಕ್ಕು ಹಿಡಿದು ಕೆಡುತ್ತದೆ. ತೆಳುವಾಗಿ ಎಣ್ಣೆ ಸವರಿ ಒಳಗಿಟ್ಟರೆ ಚಳಿಗಾಲ ನಿಶ್ಚಿಂತೆ.

ಆದರೆ ಕೊಳ್ಳುವಾಗ ಗ್ಯಾಸ್ಕೆಟ್ ನೋಡಲೇಬೇಕು. ನನಗೆ ಸಿಕ್ಕಿದ್ದರಲ್ಲಿ ಒಂದರ ರಬ್ಬರ್ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಅಂಗಡಿಯವರು ಬದಲಿಸಿ ಕೊಡಲು ಒಪ್ಪಲಿಲ್ಲ. ಒಂದು ಕಾಗದದ ಪಟ್ಟಿ ಇಟ್ಟು ಮುಚ್ಚಳ ಹಾಕಿ, ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಗಾಳಿ ಒಳಗೆ ಹೋಗುತ್ತದೆ. ನಾಲ್ಕೂ ಬದಿ ಪರೀಕ್ಷಿಸಿ, ಒಂದೇ ಕಡೆ ಸಾಲದು.

ಗ್ಯಾಸ್ಕೆಟ್ ಹೊರಗಿನ ತೇವವನ್ನು ತಡೆಯುತ್ತದೆ, ಒಳಗೆ ಸಿಕ್ಕಿಹಾಕಿಕೊಂಡ ತೇವವನ್ನು ಹೀರುವುದಿಲ್ಲ. ರಾತ್ರಿ ಡಬ್ಬಿ ತಣ್ಣಗಾದಾಗ ಒಳಗಿನ ಗಾಳಿಯ ತೇವ ಲೋಹದ ಮೇಲೆ ಕೂರುತ್ತದೆ. ಅದಕ್ಕೇ ಸಿಲಿಕಾ ಜೆಲ್ ಬೇಕು. ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ, ತೇವ ಹೀರಿ ತುಂಬಿದಾಗ ಕಡು ಹಸಿರಾಗುತ್ತದೆ. ಓವನ್‌ನಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಇನ್ನೊಂದು ಮಾತು: ಗ್ಯಾರೇಜಿನಿಂದ ಬೆಚ್ಚಗಿನ ಮನೆಯೊಳಗೆ ತಂದ ಕೂಡಲೇ ಮುಚ್ಚಳ ತೆಗೆಯಬೇಡಿ. ಫ್ರಿಜ್‌ನಿಂದ ತೆಗೆದ ಸ್ಟೀಲ್ ಲೋಟದ ಮೇಲೆ ನೀರು ಕೂರುತ್ತದಲ್ವಾ, ಕಾಡತೂಸಿನ ಮೇಲೂ ಹಾಗೇ ಕೂರುತ್ತದೆ. ಡಬ್ಬಿ ಕೋಣೆಯಷ್ಟು ಬೆಚ್ಚಗಾದ ಮೇಲೆ ತೆಗೆಯಿರಿ.

ಈಗ ಮುಖ್ಯ ವಿಷಯ. ಇಷ್ಟು ಬಿಗಿಯಾದ ಡಬ್ಬಿ ಎಂದು ಪೌಡರ್ (ಕೋವಿಮದ್ದು) ಮತ್ತು ಪ್ರೈಮರನ್ನೂ (ಮದ್ದಿಗೆ ಕಿಡಿ ಕೊಡುವ ಪುಟ್ಟ ಸಿಡಿಗುಂಡಿ) ಇದರೊಳಗೆ ತುಂಬುವವರಿದ್ದಾರೆ. ದಯವಿಟ್ಟು ಬೇಡ. ಈಗಿನ ಕಾಡತೂಸಿಗೆ ಹಾಕುವ ಸ್ಮೋಕ್‌ಲೆಸ್ (ಹೊಗೆ ಕಡಿಮೆಯ) ಪೌಡರ್ ತೆರೆದ ಜಾಗದಲ್ಲಿ ಬೆಂಕಿ ತಾಗಿದರೆ ಜೋರಾಗಿ ಉರಿಯುತ್ತದೆ. ಗಟ್ಟಿ ಉಕ್ಕಿನೊಳಗೆ ಬಂದಿಯಾಗಿದ್ದರೆ ಒತ್ತಡ ಏರಿ ಸ್ಫೋಟವಾಗುತ್ತದೆ. ಪೌಡರ್ ಬರುವ ಮೂಲ ಡಬ್ಬಿ ಬೇಗ ಬಿಚ್ಚಿಕೊಳ್ಳುವಂತೆ ತಯಾರಾಗಿರುವುದು ಇದೇ ಕಾರಣಕ್ಕೆ. ತೇವ ತಡೆಯುವ ಗುಣವೇ ಇಲ್ಲಿ ಅಪಾಯ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 495 ನಿಯಮ ಮನೆಯಲ್ಲಿ ಪೌಡರನ್ನು 20 ಪೌಂಡ್‌ವರೆಗೆ ಮೂಲ ಡಬ್ಬಿಯಲ್ಲೇ ಇಡಲು ಬಿಡುತ್ತದೆ. ಅದಕ್ಕಿಂತ ಹೆಚ್ಚು, 50 ಪೌಂಡ್‌ವರೆಗೆ, ಕನಿಷ್ಠ 1 ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಪ್ರೈಮರ್ 10,000 ಮೀರಬಾರದು, ಅವೂ ಕಾರ್ಖಾನೆಯ ಟ್ರೇಯಲ್ಲೇ ಇರಬೇಕು. ಬಾಟಲಿಗೆ ಸುರಿದಿಟ್ಟರೆ ಒಂದು ಸಿಡಿದಾಗ ಉಳಿದವೂ ಸಿಡಿಯಬಹುದು.

ನನ್ನ ಪೌಡರ್ ಮನೆಯೊಳಗೆ, ಹೀಟರ್‌ನಿಂದ ದೂರ, ಬೀಗ ಹಾಕಿದ ಮರದ ಕಪಾಟಿನಲ್ಲಿದೆ. ಪ್ರೈಮರ್ ಬೇರೆ ಕಪಾಟು. ಚಳಿಯಿಂದ ಪೌಡರ್ ಕೆಡುವುದಿಲ್ಲ, ಸೆಖೆಯಿಂದ ಕೆಡುತ್ತದೆ. ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂದರೆ ಅಥವಾ ಕೆಂಪು ಧೂಳು ಕಂಡರೆ ಅದನ್ನು ಬಳಸಬೇಡಿ.

ಆಮೋ ಕ್ಯಾನ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿಮೆ ಏಕೆಂದರೆ ಇದಕ್ಕೆ ಬೀಗ ಬರುವುದಿಲ್ಲ. ಕೊಂಡಿಗೆ ಬೀಗ ಹಾಕುವ ಪಟ್ಟಿ ಬೇರೆಯಾಗಿ ಸಿಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಡಬ್ಬಿಯ ಜೊತೆಗೇ ಅದನ್ನೂ ಕೊಳ್ಳಿ.