ಬೀದರ್ ಲಾರಿಗೆ ಡೀಸೆಲ್ ಹೀಟರ್ ಬೇಕೋ, ಒಳ್ಳೆ ಬ್ಯಾಟರಿ ಸಾಕೋ?

ಚಳಿಗೆ ಡೀಸೆಲ್‌ನೊಳಗಿನ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಫಿಲ್ಟರ್‌ಗೆ ಹಾಕುವ ಹೀಟರ್ ಅದನ್ನು ಕರಗಿಸುತ್ತದೆ. ಸರಿ, ಆದರೆ ಎಷ್ಟು ಚಳಿಗೆ? ನಮ್ಮ ದೇಶದ ಮಾನದಂಡದಂತೆ ಚಳಿಗಾಲದ ಡೀಸೆಲ್ 6 ಡಿಗ್ರಿವರೆಗೂ ಫಿಲ್ಟರ್ ದಾಟಬೇಕು. ಬೀದರ್, ಹುಮನಾಬಾದ್ ಕಡೆ ಉಷ್ಣಾಂಶ 10ರ ಕೆಳಗಿಳಿಯುವುದೇ ಕೆಲವು ರಾತ್ರಿ, ಬಿಸಿಲೇರಿದರೆ ಅದೂ ಇಲ್ಲ.

ಹಾಗಾಗಿ ಊರಸುತ್ತ ಕಬ್ಬು, ತೊಗರಿ ಲೋಡ್ ಹೊಡೆಯುವವರು ಆ ದುಡ್ಡನ್ನು ಬ್ಯಾಟರಿಗೆ ಹಾಕುವುದೇ ಲೇಸು. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ ಎಳೆದೆಳೆದು ತಿರುಗಿದರೆ ಮೊದಲು ಬ್ಯಾಟರಿ ನೋಡಿ, ಟರ್ಮಿನಲ್ ಮೇಲೆ ಕೂತ ಬಿಳಿ ಪುಡಿ ಉಜ್ಜಿ ತೆಗೆಯಿರಿ. ಜೋರಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ, ಫಿಲ್ಟರ್ ತಳದ ತಿರುಪು ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿಯಿರಿ. ನೀರಿದ್ದರೆ ಅದು ಡೀಸೆಲ್‌ನ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಅದಕ್ಕೆ ಹೀಟರ್ ಮದ್ದಲ್ಲ.

ಲಡಾಖ್‌ವರೆಗೆ ಲೋಡ್ ಒಯ್ಯುವವರ ಮಾತೇ ಬೇರೆ. ಅವರಿಗೆ ಹೀಟರ್ ಬೇಕೇ ಬೇಕು. ಆದರೂ ಟ್ಯಾಂಕೇ ಗಟ್ಟಿಯಾದರೆ ಫಿಲ್ಟರ್ ಹೀಟರ್ ಏನು ಮಾಡೀತು? ಇಂಡಿಯನ್ ಆಯಿಲ್ 2019ರಲ್ಲಿ ಅಲ್ಲಿಗೆಂದೇ ತಂದ, ಮೈನಸ್ 33 ಡಿಗ್ರಿಗೂ ಹೆಪ್ಪುಗಟ್ಟದ ಡೀಸೆಲ್ ತುಂಬಿಸಿ. ಸೀಮೆಎಣ್ಣೆ ಬೆರೆಸುವ ಹಳೇ ಉಪಾಯ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಗೆ ಬೇಡವೇ ಬೇಡ.